ಮೂವತ್ತು ನಲವತ್ತರ ಹಗ್ಗ

ಲಿಂಗಸುಗೂರಿನಿಂದ ಬೆಳಿಗ್ಗೆ ಆರೂವರೆಗೆ ಬಿಡುವ ಸಿಂಧನೂರು ಬಸ್ಸಿನ ಕಂಡಕ್ಟರ್ ಗಂಗಾದೇವಿಗೆ ಈಗ ನಲವತ್ತೊಂದು ವರ್ಷ. ಹದಿನಾರು ವರ್ಷದಿಂದ ಅದೇ ದಾರಿ. ಲಿಂಗಸುಗೂರು, ಮಸ್ಕಿ, ಸಿಂಧನೂರು. ತಿರುಗಿ ಮಸ್ಕಿ, ಲಿಂಗಸುಗೂರು. ಯಾರ ಮಗಳು ಬಾಣಂತನಕ್ಕೆ ತವರಿಗೆ ಬಂದಳು, ಯಾವ ಹುಡುಗ ಕಾಲೇಜಿಗೆಂದು ಹತ್ತಿ ಟಾಕೀಸಿನ ಮುಂದೆ ಇಳಿದ, ಎಲ್ಲ ಅವಳಿಗೆ ಗೊತ್ತು. ಗೊತ್ತಿದ್ದೂ ತುಟಿ ಬಿಚ್ಚುವವಳಲ್ಲ. ಆಟದ ಮಾತು ಬಂದರೆ ಮಾತ್ರ ಅವಳನ್ನು ಹಿಡಿಯುವವರಿಲ್ಲ. ಹೋದ ದೀಪಾವಳಿಯಿಂದೀಚೆಗೆ ಟಿಕೆಟ್ ಕೊಡುತ್ತಲೇ ಯಾರೂ ಹೆಸರು ಕೇಳದ ಒಂದು ಆಟದ ಗುಣಗಾನ ಶುರು ಮಾಡಿದ್ದನ್ನು ಕಂಡು, ದಿನಾ ಓಡಾಡುವ ಮೇಷ್ಟ್ರುಗಳು ಪಾಪ, ಬಿಸಿಲು ತಲೆಗೇರಿದೆ ಎಂದುಕೊಂಡರು.

ಆಟದ ಹೆಸರು ಲ್ಯಾಕ್ರೋಸ್. ಕೈಯಲ್ಲೊಂದು ಉದ್ದನೆಯ ಕೋಲು, ಕೋಲಿನ ತುದಿಗೆ ಸಣ್ಣ ಬಲೆ, ಬಲೆಯೊಳಗೆ ಚೆಂಡು. ಚೆಂಡನ್ನು ಕೈಯಿಂದ ಮುಟ್ಟುವ ಹಾಗಿಲ್ಲ. ಬಲೆಯಲ್ಲೇ ಹಿಡಿದು, ಬಲೆಯಲ್ಲೇ ಬೀಸಿ, ಎದುರಿನವರ ಗೋಲಿಗೆ ಸೇರಿಸಬೇಕು. ನೌಕರರ ಕ್ರೀಡಾಕೂಟಕ್ಕೆಂದು ಕಲಬುರಗಿಗೆ ಹೋದಾಗ, ಈ ಆಟವನ್ನು ಊರೂರಿಗೆ ಹಬ್ಬಿಸಲು ತಿರುಗುತ್ತಿದ್ದ ತರಬೇತುದಾರ ಹನುಮಂತರಾಯರು ಅದನ್ನು ಆಡಿಸಿ ತೋರಿಸಿದ್ದರು. ಗಂಗಾದೇವಿ ಅವರನ್ನು ಬಿಡಲಿಲ್ಲ. ಮೂರು ದಿನ ಬೆನ್ನು ಹತ್ತಿ ಹನ್ನೆರಡು ಹಳೆಯ ಕೋಲು ಇಸಿದುಕೊಂಡೇ ಊರಿಗೆ ಬಂದಳು.

ಕೋಲಿನ ಜೊತೆ ಷರತ್ತೂ ಬಂದಿತ್ತು. ಯುಗಾದಿಗೆ ಮುಂಚಿನ ಭಾನುವಾರ ಹನುಮಂತರಾಯರು ಬರುತ್ತಾರೆ. ಹನ್ನೆರಡು ಹುಡುಗಿಯರು ಆರಾರು ಜನ ಎರಡು ಕಡೆಯಾಗಿ, ಒಂದು ಚೊಕ್ಕ ಮೈದಾನದಲ್ಲಿ ಆಡಿ ತೋರಿಸಬೇಕು. ತೋರಿಸಿದರೆ ಕೋಲು ಇವರವೇ, ಮೇ ತಿಂಗಳ ಶಿಬಿರಕ್ಕೂ ಹನ್ನೆರಡೂ ಹುಡುಗಿಯರು ಹೋಗಬಹುದು. ಇಲ್ಲದಿದ್ದರೆ ಕೋಲು ಬೇರೆ ತಾಲೂಕಿಗೆ ಹೋಗುತ್ತವೆ. ಅವರು ಇದನ್ನು ಗದರಿಸಿ ಹೇಳಿದ್ದೇನಲ್ಲ, ಕಾಯುವವರು ಬೇರೆ ಕಡೆಯೂ ಇದ್ದಾರಮ್ಮ ಎಂದಿದ್ದರು.

ಹುಡುಗಿಯರನ್ನು ಕೂಡಿಸಿದ್ದು ಬಸ್ಸಿನಲ್ಲೇ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆಧಾರ್ ಕಾರ್ಡು ಕೈಯಲ್ಲಿದ್ದರೆ ಎಲ್ಲಿಗೂ ಹೋಗಬಹುದಲ್ಲ. ಸಿಂಧನೂರಿನಿಂದ ಐವರು, ಅವರಲ್ಲಿ ಇಬ್ಬರು ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗಿಯರು. ಹಟ್ಟಿಯಿಂದ ಇಬ್ಬರು, ಲಿಂಗಸುಗೂರಿನಿಂದ ಒಬ್ಬಳು, ಮಸ್ಕಿಯಿಂದ ನಾಲ್ವರು. ಎಲ್ಲರಿಗೂ ನಡುವೆ ಬೀಳುವ ಊರು ಮಸ್ಕಿ. ಊರ ಹೊರಗೆ ರಸ್ತೆಗೆ ಹತ್ತಿಕೊಂಡು ದನ ಮೇಯಲು ಬಿಟ್ಟ ಸರ್ಕಾರಿ ಗಾಯರಾಣದ ಬಯಲೊಂದಿತ್ತು. ಜಾಲಿ ಕಡಿದು, ಕಲ್ಲು ಆಯ್ದು, ಪ್ರತಿ ಭಾನುವಾರ ಅಲ್ಲಿ ಆಡತೊಡಗಿದರು. ಕ್ಯಾಂಪಿನ ಹುಡುಗಿಯೊಬ್ಬಳ ಅಪ್ಪ ಮೀನಿನ ಬಲೆ ಹೆಣೆಯುವವನು. ಹರಿದ ಕೋಲಿನ ಬಲೆಗಳು ಅವನ ಕೈಗೆ ಹೋಗಿ ಮೊದಲಿಗಿಂತ ಗಟ್ಟಿಯಾಗಿ ಬಸ್ಸಿನಲ್ಲೇ ವಾಪಸ್ ಬರುತ್ತಿದ್ದವು.

ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಗಂಗಾದೇವಿ ಒಂದೇ ಮಾತು ಹೇಳುತ್ತಿದ್ದಳು. ಹತ್ತನೇ ಇಯತ್ತೆಯಲ್ಲಿ ಅವಳು ಖೊ-ಖೊ ತಂಡದ ನಾಯಕಿ. ಆ ವರ್ಷ ಶಾಲೆಯ ಬಯಲಲ್ಲಿ ಗೋದಾಮು ಎದ್ದಿತು. ಬಯಲು ಹೋಯಿತು, ಬಯಲಿನ ಜೊತೆ ತಂಡವೂ ಹೋಯಿತು. ಅವತ್ತಿನ ಸಿಟ್ಟು ಇಪ್ಪತ್ತೈದು ವರ್ಷವಾದರೂ ಅವಳಲ್ಲಿ ಹಾಗೇ ಇತ್ತು.

ಹುಡುಗಿಯರಿಗೆ ಓಟ ಬಂತು, ಹಿಡಿತ ಬಂತು, ಬುದ್ಧಿ ಬರಲಿಲ್ಲ. ಚೆಂಡು ಎಲ್ಲಿಗೆ ಹೋದರೆ ಹನ್ನೆರಡೂ ಮಂದಿ ಅಲ್ಲಿಗೇ ನುಗ್ಗುವುದು. ಹನುಮಂತರಾಯರು ಬರಲು ಎರಡು ವಾರ ಉಳಿದಿದ್ದಾಗ ಗಂಗಾದೇವಿಗೆ ಒಂದು ಉಪಾಯ ಹೊಳೆಯಿತು. ಬಯಲನ್ನು ಹನ್ನೆರಡು ಚೌಕ ಮಾಡಿ, ಒಬ್ಬೊಬ್ಬಳಿಗೆ ಒಂದೊಂದು ಚೌಕ ಹಂಚಿ, ಯಾರೂ ತಮ್ಮ ಗೆರೆ ದಾಟದ ಹಾಗೆ ಆಡಿಸುವುದು. ಅಳೆಯಲು ಟೇಪು ಇರಲಿಲ್ಲ. ಅವಳ ಗಂಡ ಶಿವರಾಜ ಮನೆ ಕಟ್ಟುವ ಗೌಂಡಿ ಕೆಲಸದವನು. ಮನೆಯಲ್ಲಿ ಮೊಳೆಗೆ ತೂಗುಹಾಕಿದ್ದ ಅವನ ಹಗ್ಗಕ್ಕೆ ಮೂವತ್ತು ಅಡಿಗೊಂದು, ನಲವತ್ತು ಅಡಿಗೊಂದು ಗಂಟಿತ್ತು. ಅದನ್ನೇ ಚೀಲಕ್ಕೆ ಹಾಕಿಕೊಂಡು ಹೋದಳು. ಭಾನುವಾರ ಮಧ್ಯಾಹ್ನ ಸುಣ್ಣದ ಪುಡಿಯಿಂದ ಆರರ ಸಾಲು ಎರಡು, ಒಟ್ಟು ಹನ್ನೆರಡು ಚೌಕ ಕೊರೆದು, ಒಳಗೆ ಒಂದರಿಂದ ಹನ್ನೆರಡರ ತನಕ ನಂಬರು ಬರೆದಳು. ಅವತ್ತು ಹುಡುಗಿಯರು ಮೊದಲ ಸಲ ಚೆಂದ ಆಡಿದರು. ಗಂಗಾದೇವಿ ಮನೆಗೆ ಹೋಗಿ ಗಂಡನಿಗೆ ಶೇಂಗಾ ಹೋಳಿಗೆ ಮಾಡಿ ಹಾಕಿದಳು.

ಮರುದಿನ ಬೆಳಿಗ್ಗೆ ಮಸ್ಕಿ ಹತ್ತಿರವಾಗುತ್ತಿದ್ದಂತೆ ಡ್ರೈವರ್ ಅಜೀಮ್ ಬಸ್ಸಿನ ವೇಗ ತಗ್ಗಿಸಿದ.

"ಅಕ್ಕಾ, ನಿಮ್ಮ ಬಯಲಾಗ ಏನೋ ನಡದೈತಿ ನೋಡ್ರಿ."

ಹನ್ನೆರಡೂ ಚೌಕದಲ್ಲಿ ಕಲ್ಲು ಕೂತಿದ್ದವು. ಕೆಲವರು ಗೂಟ ನೆಟ್ಟು ಹಳೇ ಸೀರೆ ಕಟ್ಟಿದ್ದರು. ಒಬ್ಬ ಆಗಲೇ ಬಾಗಿಲು ಯಾವ ದಿಕ್ಕಿಗೆ ಇಡಬೇಕೆಂದು ಕೈ ಮಾಡಿ ತೋರಿಸುತ್ತ ನಿಂತಿದ್ದ. ಗಂಗಾದೇವಿಗೆ ಎಲ್ಲ ಒಂದೇ ಕ್ಷಣದಲ್ಲಿ ತಿಳಿಯಿತು. ಮೂವತ್ತು ನಲವತ್ತು ಎಂದರೆ ಈ ಸೀಮೆಯಲ್ಲಿ ಮನೆ ಸೈಟಿನ ಅಳತೆ. ಗಾಯರಾಣದಲ್ಲಿ ಸುಣ್ಣದ ಗೆರೆ, ಗೆರೆಯೊಳಗೆ ನಂಬರು ಕಂಡರೆ ಸರ್ಕಾರ ಸೈಟು ಹಂಚುತ್ತಿದೆ ಎನ್ನಲು ಮತ್ತಾವ ಸಾಕ್ಷಿ ಬೇಕು? ಗೌಂಡಿಯ ಹೆಂಡತಿಯಾಗಿ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಅವಳು ಹಣೆ ಹಣೆ ಬಡಿದುಕೊಂಡಳು.

ಏಳನೇ ಚೌಕದಲ್ಲಿ ಕೂತವಳಂತೂ ಗುರುತಿನವಳೇ. ಪಾರ್ವತೆಮ್ಮ, ತಂಡದ ಗೋಲು ಕಾಯುವ ಮೇಘಾಳ ತಾಯಿ. ಅಕ್ಕಿ ಗಿರಣಿಯಲ್ಲಿ ಕೂಲಿ ಮಾಡುವ ಹೆಂಗಸು, ಗಂಡ ಇಲ್ಲ, ಮೂರು ವರ್ಷದಲ್ಲಿ ಐದು ಬಾಡಿಗೆ ಮನೆ ಬಿಟ್ಟವಳು. ಈಗಿರುವುದು ಯಾರದೋ ಹಿತ್ತಲಿನ ತಗಡಿನ ಶೆಡ್ಡು.

ಬಸ್ಸು ನಿಲ್ಲಿಸಿ ಗಂಗಾದೇವಿ ಓಡಿ ಬಂದಳು. "ಪಾರ್ವತೆಮ್ಮ, ನೀ ಯಾಕ ಬಂದಿ? ಈ ಗೆರಿ ಆಟದವು. ನಾನ ಹಾಕೀನಿ. ಮೇಘಾ ಹೇಳಿಲ್ಲೇನು?"

"ಹೇಳ್ಯಾಳ, ಗಂಗಕ್ಕ," ಅಂದಳು ಪಾರ್ವತೆಮ್ಮ. ಅವಳ ದನಿಯಲ್ಲಿ ಜಗಳವಿರಲಿಲ್ಲ. "ನನಗೂ ಗೊತ್ತೈತಿ. ಆದ್ರ ಮಂದಿ ಬಂದು ಕುಂತಾರಲ್ಲ. ಇಷ್ಟು ಮಂದಿ ಕುಂತಮ್ಯಾಲೆ ಸುಳ್ಳ ಗೆರೀನೂ ಖರೇ ಆಕ್ಕಾವ. ನಾ ಒಬ್ಬಾಕಿ ಸುಮ್ಕ ಮನ್ಯಾಗ ಕುಂತ್ರ ಹೆಂಗ?"

ಅಜೀಮ್ ಹಾರ್ನ್ ಹೊಡೆದ. ಗಂಗಾದೇವಿ ತಿರುಗಿ ಬಸ್ಸು ಹತ್ತಿದಳು. ಪಾರ್ವತೆಮ್ಮ ಹೇಳಿದ್ದು ಸತ್ಯವೆಂದು ಗಂಗಾದೇವಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವಳ ತಾಯಿ ಸೂಗಮ್ಮ ಹೀಗೇ ಒಂದು ಬಯಲಿನಲ್ಲಿ ಕಲ್ಲಿಟ್ಟು ಮೂರು ವಾರ ಬಿಸಿಲಿಗೆ ಕೂತಿದ್ದಳು. ಆ ಗೆರೆ ಯಾರು ಹಾಕಿದ್ದರೋ ಇವತ್ತಿಗೂ ಗೊತ್ತಿಲ್ಲ. ಕೂತವರು ಏಳದ್ದನ್ನು ನೋಡಿ ಕಡೆಗೆ ಅಧಿಕಾರಿಗಳೇ ಬಂದು ಹಕ್ಕುಪತ್ರ ಕೊಟ್ಟರು. ಗಂಗಾದೇವಿ ಓದಿದ್ದು, ಮದುವೆಯಾದದ್ದು ಅದೇ ಸೈಟಿನ ಮನೆಯಲ್ಲಿ. ತಾಯಿ ಇಟ್ಟ ಕಲ್ಲು ಈಗಲೂ ಆ ಮನೆಯ ಹೊಸ್ತಿಲ ಮುಂದಿದೆ. ಪ್ರತಿ ಸಲ ತವರಿಗೆ ಹೋದಾಗ ಅದರ ಮೇಲೆ ಕಾಲಿಟ್ಟೇ ಒಳಗೆ ಹೋಗುತ್ತಾಳೆ.

ಆ ವಾರ ಅವಳು ಅನುಭವಿಸಿದ ಸಂಕಟ ವೈರಿಗೂ ಬೇಡ. ಡ್ಯೂಟಿ ಮುಗಿಸಿ ತಾಲೂಕು ಕಚೇರಿಗೆ ಹೋಗಿ, ಸಾಹೇಬ್ರ, ತಪ್ಪಾಗೇತಿ, ಅವು ಆಟದ ಗೆರಿ ಎಂದು ಕೈ ಮುಗಿದಳು. ಅವರು ಒಬ್ಬ ನೌಕರನನ್ನು ನೋಡಿಕೊಂಡು ಬಾ ಎಂದು ಕಳಿಸಿದರು. ಅವನು ನೋಡಿಕೊಂಡು ಬರುವ ಬದಲು ಪುಸ್ತಕ ತೆಗೆದು ಕೂತವರ ಹೆಸರು ಬರೆದುಕೊಂಡ. ಮುಗಿಯಿತು. ಹೆಸರು ಬರೆದುಕೊಂಡರು ಎಂಬ ಸುದ್ದಿ ಹಬ್ಬಿ, ಗೆರೆಯ ಹೊರಗೂ ಇನ್ನಿಪ್ಪತ್ತು ಕಲ್ಲು ಬಂದು ಬಿದ್ದವು.

ಆಡಲು ಬೇರೆ ಬಯಲು ಸಿಗಲಿಲ್ಲ. ಸಿಂಧನೂರಿನ ಮೈದಾನದಲ್ಲಿ ಯುಗಾದಿ ತನಕ ಗಂಡುಹುಡುಗರ ಕ್ರಿಕೆಟ್ ಪಂದ್ಯಾವಳಿ. ಲಿಂಗಸುಗೂರಿನ ಬಯಲಲ್ಲಿ ಒಣಮೆಣಸಿನಕಾಯಿ ಹರವಿದ್ದರು, ಕಾಲಿಡಲು ಜಾಗವಿರಲಿಲ್ಲ. ಮುಂದಿನ ಭಾನುವಾರ ರಸ್ತೆ ಬದಿಯಲ್ಲೇ ಆಡಿಸಿ ನೋಡಿದಳು. ಚೆಂಡು ಲಾರಿಯ ಗಾಜಿಗೆ ಬಡಿದು, ಡ್ರೈವರ್ ಇಳಿದು ಬಂದು ಹುಡುಗಿಯರಿಗೆ ಬಾಯಿಗೆ ಬಂದಂತೆ ಬೈದ. ಹಟ್ಟಿಯ ಹುಡುಗಿಯರ ಮನೆಯವರು ಇನ್ನು ಕಳಿಸುವುದಿಲ್ಲ ಎಂದು ಬಸ್ಸಿಗೆ ಬಂದೇ ಹೇಳಿಹೋದರು. ಬುಧವಾರದ ಹೊತ್ತಿಗೆ ಇನ್ನೂ ಮೂವರು ಬಿಟ್ಟು, ಹನ್ನೆರಡರಲ್ಲಿ ಏಳು ಮಂದಿ ಉಳಿದಿದ್ದರು. ಗಂಗಾದೇವಿಗೆ ಊಟ ಸೇರುತ್ತಿರಲಿಲ್ಲ. ಟಿಕೆಟ್ ಕೊಡುವಾಗ ಒಂದು ಊರಿನದರ ಬದಲು ಇನ್ನೊಂದು ಊರಿನದು ಕೊಟ್ಟು, ಮುದುಕರ ಹತ್ತಿರವೂ ಬೈಸಿಕೊಂಡಳು.

ಶಿವರಾಜ ಹಗ್ಗವನ್ನು ಕೈಯಲ್ಲಿ ಹಿಡಿದು ನಗುತ್ತ ಕೇಳಿದ. "ಅಲ್ಲಲೇ, ನಿನಗ ಬ್ಯಾರೆ ಅಳತಿ ಸಿಗಲಿಲ್ಲೇನು? ಇಪ್ಪತ್ತೈದು ಇಪ್ಪತ್ತೈದು ಹಾಕಿದ್ರ ಯಾರೂ ಬರ್ತಿರಲಿಲ್ಲ."

"ನಗಬ್ಯಾಡ್ರಿ. ನನ್ನ ಜೀವ ಹೋಗಾಕತ್ತೈತಿ."

ಅವನು ನಗು ನಿಲ್ಲಿಸಿ ಪಕ್ಕದಲ್ಲಿ ಕೂತ. "ಗೆರಿ ಹಾಕಿದಾಕಿ ನೀನು. ಗೆರಿ ಇರೋತನಕ ಮಂದಿ ಏಳಂಗಿಲ್ಲ. ಹೋಗಿ ಅಳಸು."

"ಅಳಸಿದ್ರ ಪಾರ್ವತೆಮ್ಮಗ ಏನ್ ಹೇಳ್ಲಿ? ನಮ್ಮವ್ವ ಕುಂತಾಗ ಯಾರರ ಬಂದು ಹಿಂಗ ಅಳಸಿದ್ರ?"

ಶಿವರಾಜ ಹಗ್ಗವನ್ನು ಸುತ್ತಿ ಅವಳ ಚೀಲದೊಳಗೆ ಹಾಕಿ ಎದ್ದು ಹೋದ.

ಶುಕ್ರವಾರ ಬಸ್ಸಿನಲ್ಲಿ ಅವಳು ಕೂತವರ ವಿಚಾರ ಕೇಳಿಕೊಂಡು ಬಂದಳು. ಹದಿನಾರು ವರ್ಷದ ಕಂಡಕ್ಟರಿಗೆ ಇದು ಕಷ್ಟದ ಕೆಲಸವಲ್ಲ. ಗೆರೆಯೊಳಗಿನ ಹನ್ನೆರಡು ಕಲ್ಲಿನಲ್ಲಿ ಒಂಬತ್ತು ಕಲ್ಲಿನವರಿಗೆ ಸ್ವಂತ ಮನೆಯಿತ್ತು. ಒಂದನೇ ನಂಬರಿನ ಅಮರಗುಂಡಪ್ಪನಿಗಂತೂ ಎರಡು ಅಂತಸ್ತಿನ ಮನೆ, ಮೇಲೆ ಮೊಬೈಲ್ ಟವರಿನ ಬಾಡಿಗೆ. ಇದು ತಿಳಿದಾಗ ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಜೊತೆ ಸ್ವಲ್ಪ ಧೈರ್ಯವೂ ಬಂತು. ಉಳಿದ ಮೂವರಲ್ಲಿ ಇಬ್ಬರು ಅಷ್ಟರಲ್ಲಿ ಬಿಸಿಲಿಗೆ ಬೇಸತ್ತು ಹೋಗಿದ್ದರು. ಪಾರ್ವತೆಮ್ಮ ಮಾತ್ರ ಗಿರಣಿ ಕೆಲಸ ಬಿಟ್ಟು ಕೂತೇ ಇದ್ದಳು.

ಶನಿವಾರ ಗಂಗಾದೇವಿ ರಜೆ ಹಾಕಿದಳು. ಖಾಕಿ ಬಿಟ್ಟು ಸೀರೆಯುಟ್ಟು, ಕೈಯಲ್ಲಿ ಎರಡು ಕಸಬರಿಗೆ ಹಿಡಿದು ಮಸ್ಕಿಯಲ್ಲಿ ಇಳಿದಳು. ಬಯಲಿನ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಈ ಗೆರಿ ಹಾಕಿದಾಕಿ ನಾನು. ಹುಡುಗ್ಯಾರ ಆಟಕ್ಕ ಹಾಕೀನಿ. ಇಲ್ಲಿ ಯಾವ ಸೈಟೂ ಇಲ್ಲ. ತಪ್ಪು ನಂದು, ನನ್ನ ಬೈಯ್ರಿ, ಆದ್ರ ಗೆರಿ ಅಳಸಾಕ ಬಿಡ್ರಿ."

"ನಮ್ಮ ಹೆಸರು ಬರಕೊಂಡು ಹೋಗ್ಯಾರ," ಅಂದ ಅಮರಗುಂಡಪ್ಪ. "ನೀ ಯಾರಬೇ ಅಳಸಾಕಿ? ಬಸ್ಸಿನ್ಯಾಗ ಸೀಟಿ ಊದಾಕಿ ಇಲ್ಲಿ ತಹಸೀಲ್ದಾರಕಿ ಮಾಡಾಕ ಬಂದಿಯೇನು?"

ಅವಳು ಒಂದನೇ ನಂಬರಿನಿಂದಲೇ ಗುಡಿಸಲು ಶುರು ಮಾಡಿದಳು. ಅಮರಗುಂಡಪ್ಪ ಕೈ ಎತ್ತಿಕೊಂಡು ಬಂದ. ಎಲ್ಲರೂ ನೋಡುತ್ತ ನಿಂತರು. ಅಷ್ಟರಲ್ಲಿ ಏಳನೇ ಚೌಕದಿಂದ ಪಾರ್ವತೆಮ್ಮ ಎದ್ದು ಬಂದು, ನೆಲದ ಮೇಲಿದ್ದ ಇನ್ನೊಂದು ಕಸಬರಿಗೆ ತಗೊಂಡಳು. ಗಂಗಾದೇವಿಯ ಎದುರಿನ ಗೆರೆಯನ್ನು ಗುಡಿಸತೊಡಗಿದಳು. ಮನೆಯಿಲ್ಲದ ಹೆಂಗಸೇ ಗುಡಿಸುವುದನ್ನು ಕಂಡು ಅಮರಗುಂಡಪ್ಪನ ಎತ್ತಿದ ಕೈ ಮೀಸೆಗೆ ಹೋಯಿತು. ಸುದ್ದಿ ಕೇಳಿ ಮೇಘಾ ಮತ್ತು ಮಸ್ಕಿಯ ಹುಡುಗಿಯರು ಓಡಿ ಬಂದರು. ಮಧ್ಯಾಹ್ನದ ಬಸ್ಸಿಗೆ ಸಿಂಧನೂರಿನವರೂ, ನಡುವೆ ಬಿಟ್ಟುಹೋಗಿದ್ದ ಮೂವರೂ ಬಂದು ಕೈ ಸೇರಿಸಿದರು. ಸಂಜೆ ನಾಲ್ಕರ ಹೊತ್ತಿಗೆ ಒಂದು ಗೆರೆಯೂ ಉಳಿಯಲಿಲ್ಲ.

ಗೆರೆ ಹೋದದ್ದೇ ತಡ, ಒಂದನೇ ನಂಬರಿನವನಿಗೂ ಎರಡನೇ ನಂಬರಿನವನಿಗೂ ಯಾರ ಜಾಗ ಎಲ್ಲಿಗೆ ಮುಗಿಯಿತೆಂದು ಜಗಳ ಹತ್ತಿತು. ಅವರ ಜಗಳ ನೋಡಿ ಉಳಿದವರಿಗೂ ಈ ಬಯಲಿನಿಂದ ಏನೂ ಹುಟ್ಟುವುದಿಲ್ಲ ಎನ್ನಿಸಿತು. ಒಬ್ಬೊಬ್ಬರಾಗಿ ಗೂಟ ಕಿತ್ತು, ಸೀರೆ ಮಡಿಚಿ, ಗಂಗಾದೇವಿಗೆ ಶಾಪ ಹಾಕುತ್ತ ಹೋದರು. ಹುಡುಗಿಯರು ಕಲ್ಲು ಹೊತ್ತು ಹೊರಗೆ ಹಾಕಿದರು. ಏಳನೇ ಚೌಕ ಇದ್ದ ಕಡೆ ಒಂದು ಕಲ್ಲು ಉಳಿಯಿತು. ಮೇಘಾ ಅದಕ್ಕೆ ಕೈ ಹಾಕಿದಾಗ ಅವಳ ತಾಯಿ ತಡೆದಳು.

"ಗೆರಿ ನಿಮ್ಮವು, ಅಳಸಿದ್ರಿ. ಕಲ್ಲು ನಂದು. ನನ್ನ ಹೆಸರು ಬರಕೊಂಡಾರ. ನಾಳೆ ಖರೇನ ಯಾರರ ಬಂದ್ರ, ಮೊದಲ ಕಲ್ಲು ನಂದ ಇರ್ಲಿ."

"ಅವ್ವ, ನಾಳೆ ಆಟ ಐತಿ," ಮೇಘಾ ಅಳುವ ದನಿಯಲ್ಲಿ ಹೇಳಿದಳು.

"ಆಡ್ರಿ. ಒಂದು ಕಲ್ಲು ನಿಮಗ ಏನ್ ಮಾಡ್ತೈತಿ?"

ಗಂಗಾದೇವಿ ಮೇಘಾಳ ಕೈ ಹಿಡಿದು ದೂರ ಕರೆದುಕೊಂಡು ಹೋದಳು.

ಭಾನುವಾರ ಹತ್ತು ಗಂಟೆಗೆ ಹನುಮಂತರಾಯರು ಬಂದರು. ಬೆಳಗಿನ ಬಸ್ಸಿಗೆ ಅಜೀಮ್ ಹಟ್ಟಿಯ ಇಬ್ಬರು ಹುಡುಗಿಯರನ್ನೂ ಕರೆತಂದಿದ್ದ. ತನ್ನ ರಜೆ ದಿನ ಅವರ ಮನೆ ತನಕ ಹೋಗಿ ಏನು ಹೇಳಿ ಒಪ್ಪಿಸಿದನೋ ಗಂಗಾದೇವಿ ಕೇಳಲಿಲ್ಲ. ಹನ್ನೆರಡು ಮಂದಿ, ಹನ್ನೆರಡು ಕೋಲು. ಗೆರೆ ಹಾಕಲು ಧೈರ್ಯ ಸಾಲದೆ ನಾಲ್ಕು ಮೂಲೆಗೆ ಕಣ್ಣಳತೆಯಲ್ಲಿ ಕೆಂಪು ಬಟ್ಟೆಯ ಬಾವುಟ ನೆಟ್ಟಿದ್ದಳು. ಹನುಮಂತರಾಯರು ಬಯಲನ್ನು ಒಂದು ಸುತ್ತು ಹಾಕಿ, ಪರವಾಗಿಲ್ಲ ಎಂದು ತಲೆಯಾಡಿಸಿದರು. ಆಮೇಲೆ ಕಲ್ಲಿನ ಹತ್ತಿರ ಬಂದು ನಿಂತರು. ಕಲ್ಲು ಒಂದು ಗೋಲಿನ ಎದುರಿಗೇ ಇತ್ತು.

"ಇದನ್ನ ತೆಗೆಸಿಬಿಡಮ್ಮ. ಓಡುವಾಗ ಹುಡುಗಿಯೊಬ್ಬಳು ಎಡವಿ ಬಿದ್ದರೆ ತಲೆ ಒಡೆಯುತ್ತೆ."

ಈ ಎರಡು ವಾರ ಗಂಗಾದೇವಿ ಈ ಬಯಲೊಂದು ಖಾಲಿಯಾದರೆ ಸಾಕು ಎಂದು ಹರಕೆ ಹೊರುವುದೊಂದೇ ಬಾಕಿ ಇಟ್ಟಿದ್ದಳು. ಈಗ ಒಂದೇ ಕಲ್ಲು ಉಳಿದಿತ್ತು. ಅವಳ ಕೈ ಏಳಲಿಲ್ಲ.

"ಅದು ಇರ್ಲಿ, ಸರ್. ಹುಡುಗ್ಯಾರಿಗೆ ಗೊತ್ತೈತಿ, ಎಡವಂಗಿಲ್ಲ."

"ಕಲ್ಲಿಟ್ಟು ಆಡಿಸೋ ಹಾಗಿಲ್ಲಮ್ಮ. ತೆಗೆಯಿರಿ, ಇಲ್ಲ ಅಂದ್ರೆ ನಾನು ಕೋಲು ತಗೊಂಡು ಹೋಗಬೇಕಾಗುತ್ತೆ."

"ಸರ್, ಅದು ಒಬ್ಬರ ಮನಿ," ಅಂದಳು ಗಂಗಾದೇವಿ. ಹೇಳಿದ ಮೇಲೆ ಅವಳಿಗೇ ಅಳು ಬಂತು. ಹನುಮಂತರಾಯರು ಏನೂ ಅರ್ಥವಾಗದೆ ಅವಳ ಮುಖವನ್ನೇ ನೋಡಿದರು. ಹಿಂದೆ ಹನ್ನೆರಡು ಹುಡುಗಿಯರು ಕೋಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನಿಂತಿದ್ದರು.

ರಸ್ತೆಯ ಕಡೆ ಜಾಲಿಯ ನೆರಳಲ್ಲಿ ಕೂತಿದ್ದ ಪಾರ್ವತೆಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರ ಮುಖವನ್ನೂ ನೋಡದೆ ಬಯಲಿನೊಳಗೆ ನಡೆದು ಬಂದಳು. ಬಗ್ಗಿ ಕಲ್ಲನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ತಿರುಗಿ ನೆರಳಿಗೆ ಹೋಗಿ, ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಆಡ್ರಿ," ಅಂದಳು.

ಹುಡುಗಿಯರು ಆಡಿದರು. ಗೆರೆಯಿಲ್ಲದಿದ್ದರೂ ಒಬ್ಬಳೂ ತನ್ನ ಚೌಕ ಬಿಟ್ಟು ಹೋಗಲಿಲ್ಲ. ಮೇಘಾ ನಾಲ್ಕು ಗೋಲು ತಡೆದಳು, ಐದನೆಯದಕ್ಕೆ ನೆಲಕ್ಕೆ ಬಿದ್ದು ಮೊಣಕಾಲು ತರಚಿಕೊಂಡು ಅದನ್ನೂ ತಡೆದಳು. ಹನುಮಂತರಾಯರು ಹನ್ನೆರಡು ಹೆಸರು ಬರೆದುಕೊಂಡು, ಶಿಬಿರದ ಪತ್ರ ಕೈಗಿಟ್ಟು, ಕೋಲು ನಿಮ್ಮವಮ್ಮ ಎಂದು ಹೇಳಿ ಹೋದರು. ಹುಡುಗಿಯರು ಕುಣಿದರು, ಅಜೀಮ್ ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದ. ಗಂಗಾದೇವಿ ಅಳುತ್ತ ನಗುತ್ತ ಎಲ್ಲರ ಬೆನ್ನು ತಟ್ಟಿದಳು.

ಗದ್ದಲ ಅಡಗಿದ ಮೇಲೆ ಪಾರ್ವತೆಮ್ಮ ಹತ್ತಿರ ಬಂದಳು. ಕಲ್ಲು ಸೊಂಟದ ಮೇಲೇ ಇತ್ತು.

"ಮುಗೀತೇನು ಆಟ?"

"ಮುಗೀತು, ಪಾರ್ವತೆಮ್ಮ. ನಿನ್ನಿಂದ ಕೋಲು ಉಳದ್ವು."

"ಚಲೋ ಆತು. ಹಂಗಾರ ಇದನ್ನ ತಿರುಗಿ ಇಟ್ಟುಬಿಡ್ತೀನಿ. ಎಲ್ಲಿತ್ತಿದು?"

ಗಂಗಾದೇವಿ ಬಯಲಿನ ಕಡೆ ತಿರುಗಿದಳು. ಹನ್ನೆರಡು ಮಂದಿ ಒಂದು ತಾಸು ತುಳಿದ ಮಣ್ಣು, ಎಲ್ಲ ಕಡೆ ಒಂದೇ ಥರ. ಇಲ್ಲೇ ಎಂದು ಹೋಗಿ ನಿಂತಳು, ಇಲ್ಲವೆನಿಸಿ ನಾಲ್ಕು ಹೆಜ್ಜೆ ಸರಿದಳು. ಮೇಘಾ ಗೋಲಿನಿಂದ ಹೆಜ್ಜೆ ಎಣಿಸಿ ಇನ್ನೊಂದು ಕಡೆ ತೋರಿಸಿದಳು. ಕ್ಯಾಂಪಿನ ಹುಡುಗಿ ಅಲ್ಲವೆಂದು ಮತ್ತೊಂದು ಕಡೆ ತೋರಿಸಿದಳು. ಗಂಗಾದೇವಿ ಚೀಲದಿಂದ ಶಿವರಾಜನ ಹಗ್ಗ ತೆಗೆದಳು. ಮೂವತ್ತರ ಗಂಟೂ ಇತ್ತು, ನಲವತ್ತರ ಗಂಟೂ ಇತ್ತು. ಎಲ್ಲಿಂದ ಹಿಡಿದು ಅಳೆಯಬೇಕೆಂಬ ಗುರುತನ್ನು ನಿನ್ನೆ ಅವಳೇ ಗುಡಿಸಿದ್ದಳು.

ಹಗ್ಗದ ಒಂದು ತುದಿ ಹಿಡಿದು ಅವಳು ಮೊಣಕಾಲೂರಿ ಮಣ್ಣು ಸವರತೊಡಗಿದಳು, ಎಲ್ಲಾದರೂ ಬೆರಳಿಗೆ ಸುಣ್ಣ ಹತ್ತೀತೇ ಎಂದು. ಹನ್ನೆರಡು ಹುಡುಗಿಯರೂ ಕೋಲು ಬದಿಗಿಟ್ಟು ಬಗ್ಗಿದರು. ಪಾರ್ವತೆಮ್ಮ ಕಲ್ಲನ್ನು ಎಡ ಸೊಂಟದಿಂದ ಬಲ ಸೊಂಟಕ್ಕೆ ಬದಲಿಸಿಕೊಂಡು ಬಿಸಿಲಲ್ಲಿ ನಿಂತಳು.

"ನೋಡ್ರಿ, ಸಾವಕಾಶ ನೋಡ್ರಿ," ಅಂದಳು. "ನನಗೇನೂ ಅವಸರಿಲ್ಲ."